ಡಾಕ್ಟರ್ ಮುತ್ತಜ್ಜನ ಹೆಸರು ಟ್ರಿನಿಟಿ ಪಟ್ಟಿಯಲ್ಲಿ ಯಾಕಿಲ್ಲ?

ಪ್ರಶ್ನೆ: ನಾನು ಐರ್ಲೆಂಡಿನ ಕಾರ್ಕ್‌ನಲ್ಲಿ ಕೆಲಸದಲ್ಲಿದ್ದೇನೆ. ನಮ್ಮ ಮನೆ ಓನರ್ ಅಜ್ಜಿಯ ಮುತ್ತಜ್ಜ 1850ರ ದಶಕದಲ್ಲಿ ಡಬ್ಲಿನ್‌ನಲ್ಲಿ ಓದಿ ಡಾಕ್ಟರ್ ಆದರಂತೆ. ಟ್ರಿನಿಟಿ ಕಾಲೇಜಿನ ಹಳೇ ವಿದ್ಯಾರ್ಥಿಗಳ ಪಟ್ಟಿಯಲ್ಲಿ ಅವರ ಹೆಸರಿಲ್ಲ. ದಾಖಲೆ 1922ರ ಬೆಂಕಿಯಲ್ಲಿ ಸುಟ್ಟುಹೋಗಿರಬೇಕು ಅಂತಾರೆ. ಮುಂದೆ ಎಲ್ಲಿ ಹುಡುಕಲಿ ಸರ್?

ಉತ್ತರ: ಬೆಂಕಿಯನ್ನು ಸದ್ಯಕ್ಕೆ ಬಿಟ್ಟುಬಿಡಿ. ಐರ್ಲೆಂಡಿನಲ್ಲಿ ಯಾವ ಹಳೇ ಕಾಗದ ಸಿಗದಿದ್ದರೂ ಜನ ಅದರ ಹೆಸರು ಹೇಳಿ ಸುಮ್ನಾಗಿಬಿಡುತ್ತಾರೆ. 1922ರ ಜೂನ್‌ನಲ್ಲಿ ಉರಿದದ್ದು ಡಬ್ಲಿನ್ನಿನ ಫೋರ್ ಕೋರ್ಟ್ಸ್ ಆವರಣದ ಸರ್ಕಾರಿ ದಾಖಲೆ ಕಚೇರಿ. ಜನಗಣತಿ, ಉಯಿಲು, ಪ್ರೊಟೆಸ್ಟೆಂಟ್ ಚರ್ಚುಗಳ ಎಷ್ಟೋ ರಿಜಿಸ್ಟರ್‌ಗಳು ಬೂದಿಯಾದವು. ಟ್ರಿನಿಟಿಯ ಪ್ರವೇಶ ರಿಜಿಸ್ಟರ್‌ಗಳು ಉಳಿದಿವೆ.

ನೀವು ನೋಡಿದ ಪಟ್ಟಿ ‘ಅಲಮ್ನಿ ಡಬ್ಲಿನೆನ್ಸೆಸ್’ ಅನ್ನುವ ಪುಸ್ತಕ ಇರಬೇಕು. ಪೂರಕ ಪಟ್ಟಿಯಿರುವ 1935ರ ಆವೃತ್ತಿಯನ್ನೇ ನೋಡಿ, ಅದು 1860ರವರೆಗೂ ಬರುತ್ತದೆ. ಒಬ್ಬೊಬ್ಬರಿಗೂ ಎರಡು ಮೂರು ಸಾಲು, ಅಷ್ಟೇ. ಆದರೆ ಸೇರಿದ ದಿನ, ವಯಸ್ಸು, ಹುಟ್ಟಿದ ಕೌಂಟಿ, ತಂದೆಯ ಹೆಸರು, ಲ್ಯಾಟಿನ್‌ನಲ್ಲಿ ತಂದೆಯ ಕಸುಬು ಎಲ್ಲಾ ಅದರಲ್ಲೇ. ‘ಅಗ್ರಿಕೊಲಾ’ ಅಂದರೆ ರೈತ, ‘ಮೆರ್ಕಾಟೊರ್’ ಅಂದರೆ ವ್ಯಾಪಾರಿ. ‘ಸೈಜರ್’ ಅಂತಿದ್ದರೆ ಬಡ ಹುಡುಗ, ಫೀಸು ಊಟ ಕಾಲೇಜಿನ ಲೆಕ್ಕ. ತಾಯಿಯ ಹೆಸರು ಮಾತ್ರ ಇರುವುದಿಲ್ಲ! ಹೆಸರಿನ ಮುಂದಿನ ‘ಓ’ ಬಿಟ್ಟೂ ಹುಡುಕಿ. ಓ’ಸಲಿವನ್ ಮನೆತನದವರು ಆಗ ಬರೀ ಸಲಿವನ್ ಅಂತ ಬರೆಸುತ್ತಿದ್ದದ್ದು ಜಾಸ್ತಿ.

ಆಮೇಲೂ ಸಿಗಲಿಲ್ಲವಾ? ಹಾಗಾದರೆ ಅವರು ಟ್ರಿನಿಟಿಗೆ ಹೋಗಿರಲೇ ಇಲ್ಲ ಅನ್ನುವುದೇ ನನ್ನ ಅನುಮಾನ. ಆ ಕಾಲದಲ್ಲಿ ಡಾಕ್ಟರ್ ಆಗಲು ಯೂನಿವರ್ಸಿಟಿ ಡಿಗ್ರಿಯೇ ಬೇಕು ಅಂತೇನೂ ಇರಲಿಲ್ಲ. ಡಬ್ಲಿನ್‌ನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್ ಅಥವಾ ಅಪಾಥೆಕರೀಸ್ ಹಾಲ್ (ಔಷಧಿ ತಯಾರಿಸಿ ಕೊಡುವವರ ಸಂಸ್ಥೆ) ಕಡೆಯಿಂದ ಲೈಸೆನ್ಸ್ ಪಡೆದು ಪ್ರಾಕ್ಟೀಸ್ ಮಾಡಿದವರು ಬೇಕಾದಷ್ಟು ಜನ.

ಅಜ್ಜಿಯ ಮನೆತನ ಕ್ಯಾಥೊಲಿಕ್ಕಾ, ಕೇಳಿನೋಡಿ. ಟ್ರಿನಿಟಿ ಆಗ ಪ್ರೊಟೆಸ್ಟೆಂಟರ ಕಾಲೇಜು. 1793ರಿಂದ ಕ್ಯಾಥೊಲಿಕರಿಗೂ ಟ್ರಿನಿಟಿ ಡಿಗ್ರಿ ಸಿಗುತ್ತಿತ್ತು ನಿಜ. ಆದರೆ ಧರ್ಮದ ಕಟ್ಟುಪಾಡು ಪೂರ್ತಿ ಹೋಗಿದ್ದು 1873ರಲ್ಲಿ. ಡಬ್ಲಿನ್ನಿನ ಸಿಸಿಲಿಯಾ ಸ್ಟ್ರೀಟ್‌ನಲ್ಲಿ 1855ರಲ್ಲಿ ಕ್ಯಾಥೊಲಿಕ್ ಯೂನಿವರ್ಸಿಟಿಯ ಮೆಡಿಕಲ್ ಸ್ಕೂಲ್ ಶುರುವಾಯಿತು. ಆ ಯೂನಿವರ್ಸಿಟಿಗೆ ಸರ್ಕಾರದ ಮಾನ್ಯತೆ ಇರಲಿಲ್ಲ. ಹುಡುಗರು ಓದಿದ್ದು ಅಲ್ಲಿ, ಲೈಸೆನ್ಸ್ ಪಡೆದದ್ದು ಬೇರೆ ಕಡೆ. ಇನ್ನು ನಿಮ್ಮ ಕಾರ್ಕ್‌ನಲ್ಲೇ 1849ರಿಂದ ಕ್ವೀನ್ಸ್ ಕಾಲೇಜ್ ಇತ್ತು. ಮನೆಮಾತಿನಲ್ಲಿ ಕಾರ್ಕ್ ಹೋಗಿ ಡಬ್ಲಿನ್ ಆಗಿರಲೂಬಹುದು, ಅಲ್ವಾ?

ಆದ್ದರಿಂದ ಕಾಲೇಜುಗಳ ಬೆನ್ನು ಹತ್ತುವ ಮೊದಲು ಮೆಡಿಕಲ್ ರಿಜಿಸ್ಟರ್ ತೆಗೆಯಿರಿ. 1858ರ ಕಾಯ್ದೆಯ ಪ್ರಕಾರ 1859ರಿಂದ ಅಚ್ಚಾಗತೊಡಗಿದ ಡಾಕ್ಟರ್‌ಗಳ ಪಟ್ಟಿ ಅದು. ಹೆಸರಿನ ಎದುರು ವಿಳಾಸ, ನೋಂದಣಿ ದಿನಾಂಕ, ಅರ್ಹತೆ ಇರುತ್ತದೆ. ‘ಎಲ್.ಆರ್.ಸಿ.ಎಸ್.ಐ.’ (ಐರ್ಲೆಂಡಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್‌ನ ಲೈಸೆನ್ಸ್) ಅಂತ ಕಂಡರೆ ನೇರ ಸರ್ಜನ್ಸ್ ಕಾಲೇಜಿನ ದಾಖಲೆ ವಿಭಾಗಕ್ಕೆ ಬರೆಯಿರಿ. ಪತ್ರದಲ್ಲಿ ಪೂರ್ತಿ ಹೆಸರು, ಲೈಸೆನ್ಸ್ ಪಡೆದ ವರ್ಷ ಎರಡನ್ನೂ ಕೊಡಿ.