ಸಣ್ಣಪುಟ್ಟ ಕರೆಂಟ್ ಕೆಲಸಕ್ಕೆ ನಂಬಿಕಸ್ಥ ಎಲೆಕ್ಟ್ರಿಷಿಯನ್ ಸಿಗೋದು ಹೇಗೆ?

ಬೆಂಗಳೂರಲ್ಲಿ ಬಾಡಿಗೆ ಮನೆ, ಫ್ಯಾನ್ ನಿಧಾನ, ಅಡುಗೆಮನೆ ಪ್ಲಗ್ ಪಾಯಿಂಟಲ್ಲಿ ಕಿಡಿ, ಗೀಸರ್ ಹಾಕಿದ್ರೆ ಟ್ರಿಪ್, ಕರೆದವರೆಲ್ಲ "ನಾಳೆ ಬರ್ತೀನಿ ಸಾರ್" ಅಂತಾರೆ, ಬರಲ್ಲ ಅಂತ ಕೇಳಿದ್ದೀರಿ. ಬರದಿರೋಕೆ ಕಾರಣ ಇದೆ. ಒಂದು ಸ್ವಿಚ್ಚಿಗಾಗಿ ದಿನದ ಕೆಲಸ ಬಿಟ್ಟು ಬಂದರೆ ಅವರಿಗೆ ಗಿಟ್ಟಲ್ಲ. ಮೂರೂ ಕೆಲಸ ಒಟ್ಟಿಗೆ ಹೇಳಿ, ಮನೇಲಿರೋ ಹೊತ್ತು ಹೇಳಿ, ಬಂದು ನೋಡೋದಕ್ಕೆ ಎಷ್ಟು ಅಂತ ಫೋನಲ್ಲೇ ಕೇಳಿ.

ಹುಡುಕೋಕೆ ನಾನು ಮೊದಲು ಹೇಳೋ ಜಾಗ ನಿಮ್ಮ ಬಡಾವಣೆಯ ಎಲೆಕ್ಟ್ರಿಕಲ್ ಅಂಗಡಿ. "ಒಳ್ಳೆಯವರು ಯಾರಿದ್ದಾರೆ" ಅಂತ ಕೇಳಬೇಡಿ, "ನಿಮ್ಮ ಮನೆ ಕೆಲಸಕ್ಕೆ ಯಾರನ್ನ ಕರೆಸ್ತೀರಿ" ಅಂತ ಕೇಳಿ. ಯಾರು ಐಎಸ್‌ಐ ಮಾರ್ಕಿನ ಸಾಮಾನು ಒಯ್ತಾರೆ, ಯಾರು ಅಗ್ಗದ್ದೇ ಬೇಕು ಅಂತಾರೆ, ಅಂಗಡಿಯವರಿಗೆ ಗೊತ್ತಿರುತ್ತೆ.

ಫೋನಲ್ಲೇ ಅರ್ಧ ಪರೀಕ್ಷೆ ಮುಗಿಯುತ್ತೆ. ಡಿಬಿ ಬಾಕ್ಸಿನ (ಮನೆಯ ಟ್ರಿಪ್ ಸ್ವಿಚ್ಚುಗಳೆಲ್ಲ ಇರೋ ಡಬ್ಬಿ) ಫೋಟೋ ವಾಟ್ಸಾಪ್ ಮಾಡಿ. ಅದರಲ್ಲಿ ಎಂಸಿಬಿ ಅಂದರೆ ಲೋಡ್ ಜಾಸ್ತಿಯಾದರೆ ಅಥವಾ ಶಾರ್ಟ್ ಆದರೆ ಬೀಳೋ (ಟ್ರಿಪ್ ಆಗೋ) ಸ್ವಿಚ್, ಆರ್‌ಸಿಸಿಬಿ ಅಂದರೆ ಕರೆಂಟ್ ಲೀಕ್ ಆದರೆ ಬೀಳೋ ಸ್ವಿಚ್. "ಬೀಳೋದು ಎಂಸಿಬಿನೋ ಆರ್‌ಸಿಸಿಬಿನೋ? ಹಾಕಿದ ತಕ್ಷಣವೋ, ಸ್ವಲ್ಪ ಹೊತ್ತಾದ ಮೇಲೋ?" ಅಂತ ಕೇಳಿದವರನ್ನೇ ಕರೆಸಿ. ಆರ್‌ಸಿಸಿಬಿ ಬಿದ್ದರೆ ಸಾಮಾನ್ಯವಾಗಿ ಗೀಸರ್ ಕಾಯಿಲಲ್ಲಿ ಲೀಕೇಜ್. ಎಂಸಿಬಿ ತಕ್ಷಣ ಬಿದ್ದರೆ ಶಾರ್ಟ್. ಹತ್ತು ನಿಮಿಷ ಬಿಟ್ಟು ಬಿದ್ದರೆ ಲೋಡ್ ಜಾಸ್ತಿ, ಇಲ್ಲವೇ ಎಂಸಿಬಿ ಸ್ಕ್ರೂ ಲೂಸಾಗಿ ಬಿಸಿಯಾಗ್ತಿದೆ, ಇಲ್ಲವೇ ಎಂಸಿಬಿನೇ ಹಳೇದಾಗಿದೆ. ಏನೂ ನೋಡದೆ "32 ಆಂಪ್ ಹಾಕಿಬಿಡೋಣ" ಅನ್ನೋವರನ್ನ ಅಲ್ಲೇ ಬಿಡಿ. 2000 ವ್ಯಾಟ್ ಗೀಸರ್ ಎಳೆಯೋದು 9 ಆಂಪಿಗಿಂತ ಕಮ್ಮಿ, 3000 ವ್ಯಾಟಿನದು ಸುಮಾರು 13. ಅದಕ್ಕೆ 16 ಅಥವಾ 20 ಆಂಪ್ ಸಾಕು. 2.5 ಸ್ಕ್ವೇರ್ ಎಂಎಂ ವೈರಿಗೆ 32 ಆಂಪ್ ಎಂಸಿಬಿ ಕೂರಿಸಿದರೆ, ಎಂಸಿಬಿ ಬೀಳೋ ಮೊದಲು ಗೋಡೆಯೊಳಗೆ ವೈರಿನ ಇನ್ಸುಲೇಷನ್ ಬೇಯುತ್ತೆ.

ಬಂದ ಮೇಲೆ ಕೈ ನೋಡಿ. ಮೊದಲು ಕರೆಂಟ್ ಇರೋ ಕಡೆ ಟೆಸ್ಟರ್ ಇಟ್ಟು ಟೆಸ್ಟರ್ ಸರಿ ಇದೆಯಾ ಅಂತ ನೋಡಿ, ಆಮೇಲೆ ಮೇನ್ ಆಫ್ ಮಾಡಿ, ಕೆಲಸದ ಜಾಗದಲ್ಲಿ ಮತ್ತೆ ಚೆಕ್ ಮಾಡಬೇಕು. ಕಿಡಿ ಬರೋ ಪ್ಲಗ್ಗಲ್ಲಿ ಕಪ್ಪಾದ ವೈರ್ ತುದಿ ಕತ್ತರಿಸಿ, ಹೊಳೆಯೋ ತಾಮ್ರ ಕಾಣೋವರೆಗೆ ಸಿಪ್ಪೆ ಬಿಡಿಸಿ, ಮಡಚಿ ಸ್ಕ್ರೂ ಬಿಗಿಯಬೇಕು. ಸುಟ್ಟ ತುದಿಗೇ ಸ್ಕ್ರೂ ತಿರುಗಿಸಿದರೆ ಮತ್ತೆ ಕಿಡಿ ಖಂಡಿತ. ಒಳಗಿನ ಹಿಡಿತ ಸಡಿಲವಾಗಿದ್ದರೆ ಸಾಕೆಟ್ಟೇ ಬದಲಿಸಬೇಕು. ಎದುರಿಂದ ನೋಡಿದಾಗ ಮೇಲಿನ ದೊಡ್ಡ ತೂತು ಅರ್ಥ್, ಬಲಕ್ಕೆ ಫೇಸ್, ಎಡಕ್ಕೆ ನ್ಯೂಟ್ರಲ್. ಅರ್ಥ್ ಬರ್ತಿಲ್ಲ ಅಂತ ನ್ಯೂಟ್ರಲ್ಲಿಂದ ಅರ್ಥಿಗೆ ಲೂಪ್ ಕೊಡೋಕೆ ಹೋದರೆ ದಯವಿಟ್ಟು ತಡೆಯಿರಿ. ಆ ನ್ಯೂಟ್ರಲ್ ಎಲ್ಲಾದರೂ ಕಟ್ಟಾದ ದಿನ ಗೀಸರ್ ಮೈಗೆ ಕರೆಂಟ್ ಬರುತ್ತೆ, ಸ್ನಾನಕ್ಕಿಳಿದವರ ಜೀವಕ್ಕೇ ಅಪಾಯ.

ಫ್ಯಾನಿಗೆ ಮೊದಲು ಕೆಪಾಸಿಟರ್ ಬದಲಿಸಿ ನೋಡಲಿ. ಹೆಚ್ಚಿನ ಸೀಲಿಂಗ್ ಫ್ಯಾನಲ್ಲಿ 2.5 ಮೈಕ್ರೋಫ್ಯಾರಡ್ ಇರುತ್ತೆ, ಹಳೇದರ ಮೇಲೆ ಬರೆದಿರೋದನ್ನೇ ತರಬೇಕು. ಅದನ್ನ ಮುಟ್ಟದೆ ಕಾಯಿಲ್ ರಿವೈಂಡಿಂಗ್ (ಮೋಟಾರಿನ ತಂತಿ ಹೊಸದಾಗಿ ಸುತ್ತೋದು) ಮಾಡಬೇಕು ಅಂದರೆ ಒಪ್ಪಬೇಡಿ. ಸಾಮಾನು, ಕೂಲಿ ಬೇರೆ ಬೇರೆ ಲೆಕ್ಕ ಇರಲಿ. ತೆಗೆದ ಹಳೇ ಪಾರ್ಟ್ ನಿಮ್ಮ ಕೈಗೇ ಕೊಡಲಿ.

ಡಿಬಿ ಒಳಗೆ ಏನಾದರೂ ಬದಲಿಸೋದಿದ್ದರೆ ಓನರಿಗೆ ಮೊದಲೇ ತಿಳಿಸಿ. ಮೀಟರ್ ಸೀಲ್ ಖಾಸಗಿಯವರು ಯಾರೂ ಮುಟ್ಟೋ ಹಾಗಿಲ್ಲ. ಮೀಟರ್ ಹತ್ತಿರ ಕಿಡಿ, ಸುಟ್ಟ ವಾಸನೆ ಇದ್ದರೆ ಬೆಸ್ಕಾಂ 1912ಕ್ಕೆ ಫೋನ್ ಮಾಡಿ. ಹೊಸ ಕನೆಕ್ಷನ್ ಅಥವಾ ಲೋಡ್ ಹೆಚ್ಚಿಸೋ ಕೆಲಸಕ್ಕೆ ಲೈಸೆನ್ಸ್ ಇರೋ ಕಂಟ್ರಾಕ್ಟರೇ ಬೇಕು. ದುಡ್ಡು ಕೊಡೋ ಮುಂಚೆ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿಸಿ ನೋಡಿ. ಕರೆಂಟ್ ಇದ್ದೂ ಬೀಳದಿದ್ದರೆ ಅದು ಕೆಟ್ಟಿದೆ, ಬದಲಾಯಿಸಿಕೊಳ್ಳಿ.