ಹೋಟೆಲ್ ಜಾಗದಲ್ಲಿ ಊರಿನವರಿಗೂ ದಾರಿ ಬಿಡಬಹುದೇ?

ಪ್ರಶ್ನೆ: ಹುಬ್ಬಳ್ಳಿಯಲ್ಲಿ ನಮ್ಮ ನಿವೇಶನಕ್ಕೆ ಹಿಂದೆ ಮುಂದೆ ಎರಡೂ ಕಡೆ ರಸ್ತೆಯಿದೆ. ನಲವತ್ತು ರೂಮಿನ ಹೋಟೆಲ್ ಕಟ್ಟುವ ಯೋಚನೆ. ಕೆಳಗೆ ಜನ ಹಾದುಹೋಗಲು ದಾರಿ, ಕೂರಲು ಜಾಗ ಬಿಡಿ ಎನ್ನುತ್ತಾರೆ ಆರ್ಕಿಟೆಕ್ಟ್. ನಾಳೆ ಅದು ಊರಿನವರ ಹಕ್ಕಾದರೆ ಎಂದು ನಮ್ಮ ಅಣ್ಣನ ಭಯ. ಏನು ಮಾಡೋಣ?

ಉತ್ತರ: ಧಾರಾಳವಾಗಿ ಬಿಡಿ. ಆದರೆ ಕಾರು ಎಲ್ಲಿ ನಿಲ್ಲಬೇಕು ಎನ್ನುವುದು ಮೊದಲು ತೀರ್ಮಾನವಾಗಲಿ. ನಮ್ಮ ಹೋಟೆಲುಗಳ ಮುಂಭಾಗವನ್ನೆಲ್ಲ ಪೋರ್ಟಿಕೊ, ವಾಚ್‌ಮನ್ ಗೂಡು ನುಂಗಿಬಿಡುತ್ತವೆ. ಉಳಿದ ಮೂಲೆಗೆ ಪ್ಲಾಜಾ, ಅಂದರೆ ಜನರಿಗೆ ಬಿಟ್ಟ ಬಯಲು ಅಂಗಳ, ಎಂದು ಹೆಸರಿಟ್ಟರೆ ಯಾರು ಬರುತ್ತಾರೆ? ಕಾರು, ಲಗೇಜು, ತರಕಾರಿ ಗಾಡಿ ಹಿಂದಿನ ರಸ್ತೆಯಿಂದ ಬರಲಿ. ಜನ ಓಡಾಡುವ ಕಡೆ ಕಾಂಪೌಂಡ್ ಗೋಡೆಯೇ ಬೇಡ. ಅಗ್ನಿಶಾಮಕ ವಾಹನದ ದಾರಿಯನ್ನು ಮಾತ್ರ ಮುಟ್ಟಬೇಡಿ.

ನ್ಯೂಯಾರ್ಕಿನಲ್ಲಿ 1961ರ ನಿಯಮ ಪ್ಲಾಜಾ ಬಿಟ್ಟವರಿಗೆ ಹೆಚ್ಚುವರಿ ಮಹಡಿ ಕಟ್ಟಲು ಅವಕಾಶ ಕೊಟ್ಟಿತು. ಮಾಲೀಕರು ಮಹಡಿ ಏರಿಸಿಕೊಂಡರು, ಎಷ್ಟೋ ಪ್ಲಾಜಾಗಳು ಭಣಗುಟ್ಟಿದವು. ನಗರದ ಜನಜೀವನದ ಅಧ್ಯಯನ ಮಾಡುತ್ತಿದ್ದ ವಿಲಿಯಂ ವೈಟ್ ಎಂಬವರು ಕ್ಯಾಮೆರಾ ಇಟ್ಟು ನೋಡಿದಾಗ ಸಿಕ್ಕ ಉತ್ತರ ನಗು ತರಿಸುವಷ್ಟು ಸರಳ: ಕೂರಲು ಎಡೆ ಇದ್ದಲ್ಲಿ ಜನ ಕೂರುತ್ತಾರೆ. 1975ರಲ್ಲಿ ನಿಯಮ ಬದಲಾಗಿ, ಪ್ರತಿ 30 ಚದರಡಿ ಪ್ಲಾಜಾಕ್ಕೆ ಒಂದು ಅಡಿ ಉದ್ದದ ಆಸನ ಕಡ್ಡಾಯವಾಯಿತು. ಮನೆಮುಂದೆ ಜಗಲಿ ಕಟ್ಟುತ್ತಿದ್ದ ನಮಗೆ ಇದನ್ನು ಹೇಳಿಕೊಡಬೇಕಿಲ್ಲ! ದಾರಿಯುದ್ದಕ್ಕೂ ಒಂದೂವರೆ ಅಡಿ ಎತ್ತರದ ಕಲ್ಲುಕಟ್ಟೆ, ಮೇಲೆ ನೆರಳು, ಪಕ್ಕದಲ್ಲಿ ನಿಮ್ಮದೇ ಕಾಫಿ ಕೌಂಟರ್ ಇರಲಿ. ಪೋಲಿಗಳು ಸೇರುತ್ತಾರೆ ಎಂಬ ಭಯವಿದ್ದರೆ, ಜಾಗ ಖಾಲಿ ಬೀಳದಂತೆ ನೋಡಿಕೊಳ್ಳುವುದೇ ಮದ್ದು.

ಅಣ್ಣನ ಭಯ ಬರಿಯ ಗುಮಾನಿಯಲ್ಲ. 1882ರ ಈಸ್‌ಮೆಂಟ್ (ಇನ್ನೊಬ್ಬರ ಜಾಗವನ್ನು ಬಳಸುವ ಹಕ್ಕು) ಕಾಯ್ದೆಯ ಪ್ರಕಾರ ಖಾಸಗಿ ಜಾಗದಲ್ಲಿ 20 ವರ್ಷ ಅಡೆತಡೆಯಿಲ್ಲದೆ, ಹಕ್ಕಿನಿಂದ ಓಡಾಡಿದ ಅಕ್ಕಪಕ್ಕದ ಆಸ್ತಿಯವರು ದಾರಿಹಕ್ಕು ಕೇಳಬಹುದು. ಆದರೆ ನಿಮ್ಮ ಅನುಮತಿಯಿಂದ ನಡೆದರೆ ಅದು ಹಕ್ಕಿನ ನಡಿಗೆಯಾಗದು. ‘ಖಾಸಗಿ ಸ್ವತ್ತು, ಮಾಲೀಕರ ಅನುಮತಿಯಿಂದ ಮಾತ್ರ ಪ್ರವೇಶ’ ಎಂಬ ಫಲಕ ಮೊದಲ ದಿನದಿಂದಲೇ ಇರಲಿ. ಕಾಂಪೌಂಡ್ ಇಲ್ಲದಿದ್ದರೂ ದಾರಿಯ ಬಾಯಿಗೆ ರಾತ್ರಿ ಗೇಟು ಹಾಕಿ. ನಕ್ಷೆ ಮಂಜೂರಾತಿಯ ಷರತ್ತುಗಳಲ್ಲಿ ಈ ದಾರಿಯ ಬಗ್ಗೆ ಏನು ಬರೆಯುತ್ತಾರೆ ಎಂಬುದನ್ನು ವಕೀಲರಿಗೆ ತೋರಿಸದೆ ಸಹಿ ಹಾಕಬೇಡಿ.

ಇನ್ನೊಂದು, ನೆಲದ ಮಟ್ಟ. ಮಳೆನೀರಿಗೆ ಹೆದರಿ ಮೂರು ಮೆಟ್ಟಿಲು ಏರಿಸಿದರೆ ಗಾಲಿಕುರ್ಚಿಯವರೂ ಮೊಣಕಾಲು ನೋವಿನ ಅಜ್ಜಿಯರೂ ರಸ್ತೆಯಲ್ಲೇ ಉಳಿಯುತ್ತಾರೆ. ಎತ್ತರ ಬೇಕೇ ಬೇಕೆಂದರೆ 1:12ಕ್ಕಿಂತ ಕಡಿದಾಗದ ಇಳಿಜಾರು ಕೊಡಿ: ಒಂದಡಿ ಏರಲು ಹನ್ನೆರಡು ಅಡಿ ಉದ್ದ ಬೇಕು. ಅಷ್ಟು ಉದ್ದವನ್ನು ನಕ್ಷೆಯಲ್ಲಿ ಈಗಲೇ ಗುರುತು ಹಾಕಿಸಿ.