ಮ್ಯಾಗ್ನೆಟ್ ಕಟ್ಕೊಂಡ್ರೆ ಮಂಡಿನೋವು ಹೋಗುತ್ತಾ?

ಪ್ರಶ್ನೆ: ಅಮ್ಮಂಗೆ ತುಂಬಾ ದಿನದಿಂದ ಮಂಡಿನೋವು. ಯಾರೋ ಹೇಳಿದ್ರು ಅಂತ ಮ್ಯಾಗ್ನೆಟ್ ಇರೋ ನೀಕ್ಯಾಪ್ ತರಿಸ್ಕೊಂಡ್ರು, ಈಗ ನೋವು ಕಮ್ಮಿ ಅಂತಾರೆ. ರಕ್ತದಲ್ಲಿರೋ ಕಬ್ಬಿಣಾನ ಮ್ಯಾಗ್ನೆಟ್ ಎಳೆಯುತ್ತೆ, ರಕ್ತ ಓಡಾಟ ಜಾಸ್ತಿ ಆಗುತ್ತೆ ಅಂತ ಡಬ್ಬದ ಮೇಲೆ ಬರೆದಿದೆ. ನಿಜಾನಾ?

ಉತ್ತರ: ಅಮ್ಮನ ಮಾತು ನಂಬ್ತೀನಿ, ಡಬ್ಬದ ಮಾತು ನಂಬಲ್ಲ. ರಕ್ತದಲ್ಲಿ ಕಬ್ಬಿಣ ಇದೆ ನಿಜ, ಆದ್ರೆ ಅದೇನು ಮೊಳೆ ಪುಡಿ ಥರ ತೇಲಾಡ್ತಿಲ್ಲ, ಹಿಮೋಗ್ಲೋಬಿನ್ ಒಳಗೆ ಒಂದೊಂದೇ ಪರಮಾಣುವಾಗಿ ಸೇರ್ಕೊಂಡಿದೆ, ಆಕ್ಸಿಜನ್ ತುಂಬಿರೋ ರಕ್ತಾನ ಮ್ಯಾಗ್ನೆಟ್ ಎಳೆಯೋದಿರಲಿ, ಲೆಕ್ಕಕ್ಕೇ ಬರದಷ್ಟು ಆಚೆಗೆ ತಳ್ಳುತ್ತೆ. ಎಂಆರ್‌ಐ ಸ್ಕ್ಯಾನ್ ಮಷೀನ್ ಅಂದ್ರೆ ಭಾರೀ ಮ್ಯಾಗ್ನೆಟ್ಟೇ, ಅದರ ಬಲ ಸಾಮಾನ್ಯವಾಗಿ 1.5 ಟೆಸ್ಲಾ, ಅಂದ್ರೆ 15,000 ಗಾಸ್ ಇರುತ್ತೆ (ಎರಡೂ ಮ್ಯಾಗ್ನೆಟ್ ಬಲ ಅಳೆಯೋ ಮಾನಗಳು), ಮ್ಯಾಗ್ನೆಟ್ ರಕ್ತ ಎಳೆಯೋದೇ ಆಗಿದ್ರೆ ಅದರೊಳಗೆ ಮಲಗಿದವರ ಗತಿ ಏನಾಗ್ಬೇಕಿತ್ತು ಹೇಳಿ!

ಇನ್ನೊಂದು, ಮ್ಯಾಗ್ನೆಟ್ ಶಕ್ತಿ ಸ್ವಲ್ಪ ದೂರ ಹೋದ್ರೂ ಸರ್ರನೆ ಇಳಿಯುತ್ತೆ. ನೀವೇ ನೋಡಿ, ನೀಕ್ಯಾಪ್ ಮೇಲೆ ಒಂದು ಹಾಳೆ ಇಟ್ಟು ಗುಂಡುಪಿನ್ ಅಂಟಿಸಿ, ಆಮೇಲೆ ಒಂದೊಂದೇ ಹಾಳೆ ಸೇರಿಸ್ತಾ ಹೋಗಿ, ಪಿನ್ನು ಯಾವಾಗ ಕಳಚಿ ಬೀಳುತ್ತೆ ಅಂತ ಗೊತ್ತಾಗುತ್ತೆ. ಮಂಡಿ ಕೀಲು ಅದಕ್ಕಿಂತ ಒಳಗಿದೆ. ಹಾಗಾದ್ರೆ ನೋವು ಯಾಕೆ ಇಳೀತು ಅಂದ್ರೆ, ಬಿಗಿಯಾದ ನೀಕ್ಯಾಪ್ ಕೊಡೋ ಆಸರೆ, ಬೆಚ್ಚಗಿರೋದು, ಗುಣ ಆಗುತ್ತೆ ಅನ್ನೋ ನಂಬಿಕೆ, ಎಲ್ಲಾ ಸೇರಿರಬಹುದು, ಮೇಲಾಗಿ ಮಂಡಿನೋವು ತಾನಾಗೇ ಏರ್ತಾ ಇಳೀತಾ ಇರುತ್ತೆ, ನಾವು ಹೊಸದೇನಾದ್ರೂ ಕೊಳ್ಳೋದು ನೋವು ತಡೆಯೋಕಾಗದೇ ಇದ್ದಾಗ, ಆಮೇಲೆ ಅದು ಇಳಿದ್ರೆ ಹೆಸರು ಮ್ಯಾಗ್ನೆಟ್‌ಗೆ. ನೀಕ್ಯಾಪ್ ಹಾಕ್ಕೊಳ್ಳಲಿ ಬಿಡಿ, ಆದ್ರೆ ತೊಡೆ ಸ್ನಾಯು ಗಟ್ಟಿ ಮಾಡೋ ವ್ಯಾಯಾಮ ಬಿಡಬಾರದು. ಮಂಡಿ ಊದಿ ಕೆಂಪಾಗಿದ್ರೆ, ಜ್ವರಾನೂ ಬಂದ್ರೆ ಡಾಕ್ಟರ್ ಹತ್ರ ಹೋಗೋದಕ್ಕೆ ತಡ ಮಾಡಬೇಡಿ.

ಪ್ರಶ್ನೆ: ಮ್ಯಾಗ್ನೆಟ್‌ನಿಂದ ನೋವು ಇಳಿಯುತ್ತೆ ಅಂತ ಸಂಶೋಧನೇಲೇ ಬಂದಿದೆಯಂತಲ್ಲ?

ಉತ್ತರ: ಒಂದು ಬಂದಿದೆ, ಮಾರೋರೆಲ್ಲ ಅದನ್ನೇ ಹೇಳೋದು. 1997ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ, ಹಿಂದೆ ಪೋಲಿಯೋ ಆಗಿದ್ದ 50 ಜನರ ಮೇಲೆ ಮಾಡಿದ್ದು, ನೋವು ಇಳಿದಿತ್ತು. ಆಮೇಲೆ ಬಂದಿದ್ದನ್ನ ಯಾರೂ ಹೇಳಲ್ಲ. 2000ದಲ್ಲಿ ಸೊಂಟನೋವಿಗೆ, 2003ರಲ್ಲಿ ಹಿಮ್ಮಡಿ ನೋವಿಗೆ ಅಸಲಿ ಮ್ಯಾಗ್ನೆಟ್ಟನ್ನೂ ನಕಲೀನೂ ಪಕ್ಕಪಕ್ಕ ಇಟ್ಟು ನೋಡಿದ್ರು, ವ್ಯತ್ಯಾಸ ಸಿಗಲಿಲ್ಲ. 2004ರಲ್ಲಿ ಸೊಂಟದ ಕೀಲು, ಮಂಡಿ ಸವೆದಿರೋ 194 ಜನಕ್ಕೆ ಕೈಬಳೆ ಕೊಟ್ಟಾಗ ಅಸಲಿ ಹಾಕಿದವರಿಗೆ ಸ್ವಲ್ಪ ಹಗುರ ಆಯ್ತು, ಆದ್ರೆ ಅದು ಮ್ಯಾಗ್ನೆಟ್‌ದೋ ನಂಬಿಕೇದೋ ಅಂತ ಸಂಶೋಧಕರಿಗೇ ಖಾತ್ರಿ ಇರಲಿಲ್ಲ. ಅಲ್ಲಾ, ಕೈಯಲ್ಲಿರೋದು ಅಸಲೀನಾ ಅಂತ ತಿಳಿಯೋಕೆ ಒಂದು ಕಬ್ಬಿಣದ ಚಮಚ ಅಂಟುತ್ತಾ ಅಂತ ನೋಡಿದ್ರೆ ಸಾಕಲ್ವಾ! 2007ರಲ್ಲಿ ಇಂಥ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದವರು ನೋವಿಗೆ ಇದನ್ನ ಶಿಫಾರಸು ಮಾಡೋಕಾಗಲ್ಲ ಅಂದ್ರು, ಕೀಲು ಸವೆತದ ವಿಷಯಾನ ಮಾತ್ರ ಇನ್ನೂ ನೋಡಬೇಕು ಅಂತ ಬಿಟ್ರು.

ಪ್ರಶ್ನೆ: ಆಸ್ಪತ್ರೇಲೇ ಮ್ಯಾಗ್ನೆಟ್ ಟ್ರೀಟ್‌ಮೆಂಟ್ ಕೊಡ್ತಾರಲ್ಲ, ಅದು?

ಉತ್ತರ: ಅದು ಬೇರೆ. ಅಲ್ಲಿ ಕಾಯಿಲ್‌ನಲ್ಲಿ ಕರೆಂಟ್ ಹಾಯಿಸಿ ಕಾಂತಕ್ಷೇತ್ರಾನ ಕ್ಷಣಕ್ಷಣಕ್ಕೂ ಬದಲಾಯಿಸ್ತಾರೆ, ಅದರಿಂದ ದೇಹದೊಳಗೆ ಸಣ್ಣ ಕರೆಂಟ್ ಹುಟ್ಟುತ್ತೆ. ಡಿಪ್ರೆಶನ್‌ಗೆ ಇಂಥ ಮಷೀನ್‌ಗೆ ಅಮೆರಿಕದಲ್ಲಿ 2008ರಲ್ಲೇ ಅನುಮತಿ ಸಿಕ್ಕಿದೆ. ಸುಮ್ನೆ ಕೂತಿರೋ ನೀಕ್ಯಾಪ್ ಮ್ಯಾಗ್ನೆಟ್‌ಗೆ ಆ ಕೆಲಸ ಬರಲ್ಲ.

ಪ್ರಶ್ನೆ: ಮ್ಯಾಗ್ನೆಟ್ ಇಟ್ಟ ನೀರು ಕುಡಿದ್ರೆ?

ಉತ್ತರ: ಬಾಯಾರಿಕೆ ಹೋಗುತ್ತೆ.

ಪ್ರಶ್ನೆ: ಅಪ್ಪಂಗೆ ಪೇಸ್‌ಮೇಕರ್ ಇದೆ. ಮ್ಯಾಗ್ನೆಟ್ ಹಾಸಿಗೆ ತಗೋಬಹುದಾ?

ಉತ್ತರ: ಬೇಡವೇ ಬೇಡ. ಹತ್ತಿರ ಮ್ಯಾಗ್ನೆಟ್ ಬಂದ್ರೆ ಪೇಸ್‌ಮೇಕರ್ ಹೃದಯದ ಬಡಿತ ಗಮನಿಸೋದು ಬಿಟ್ಟು ಒಂದೇ ಲಯದಲ್ಲಿ ಹೊಡ್ಕೊಳ್ಳೋಕೆ ಶುರು ಮಾಡುತ್ತೆ, ಹೃದಯದ ಲಯ ಅಪಾಯಕ್ಕೆ ತಿರುಗಿದಾಗ ಶಾಕ್ ಕೊಡೋ ಐಸಿಡಿ ಅನ್ನೋ ಸಾಧನ ಆದ್ರೆ ಬೇಕಾದಾಗ ಶಾಕೇ ಕೊಡದೇ ಇರಬಹುದು. ಸಣ್ಣ ಮ್ಯಾಗ್ನೆಟ್ಟನ್ನೂ ಕನಿಷ್ಠ 15 ಸೆಂಟಿಮೀಟರ್ ದೂರ ಇಡಿ, ಅಂಗಿ ಜೇಬಲ್ಲಂತೂ ಬೇಡ. ಇನ್ಸುಲಿನ್ ಪಂಪ್, ಕಿವಿ ಕೇಳಿಸೋಕೆ ಒಳಗೆ ಕೂರಿಸೋ ಕಾಕ್ಲಿಯರ್ ಇಂಪ್ಲಾಂಟ್ ಇರೋರೂ ಡಾಕ್ಟರನ್ನ ಕೇಳದೆ ಮುಟ್ಟಬಾರದು.